ಆಟದ ಅಕ್ಕೋರ ಕಟ್ಟಿಗೆಯ ಹಣ್ಣುಗಳು

ಆಟದ ಅಕ್ಕೋರು ಕೈ ಜೋಡಿಸಿ ನಮಸ್ಕಾರ ಮಾಡಿದರೆ ಬಲಗೈಯ ಎರಡು ಬೆರಳು ಎಡಗೈಗೆ ತಾಗುತ್ತಿರಲಿಲ್ಲ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಾಗಿ ಹೊರಕ್ಕೆ ಬಾಗಿದ್ದವು. ಪುಣೆಯಲ್ಲಿ ಓದುವಾಗ ಚೆಂಡು ಬಡಿದು ಮುರಿದವಂತೆ, ನೆಟ್ಟಗೆ ಕೂಡಿಸುವವರು ಸಿಗಲಿಲ್ಲವಂತೆ. ಅವರು ಖಡು ಹಿಡಿದು ಹಲಗೆಯ ಮೇಲೆ ಬರೆಯುವಾಗಲೂ ರೊಟ್ಟಿ ಮುರಿಯುವಾಗಲೂ ಆ ಎರಡು ಬೆರಳು ಆ ಕೆಲಸಕ್ಕೂ ತಮಗೂ ಸಂಬಂಧವಿಲ್ಲವೆಂಬಂತೆ ದೂರ ನಿಂತಿರುತ್ತಿದ್ದವು.

ಮೊಮ್ಮಕ್ಕಳೇ, ನಿಮ್ಮಲ್ಲಿ ಒಬ್ಬಳು ಮೊನ್ನೆ ರಜೆಗೆ ಬಂದಾಗ, ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತೇನೆಂದು ಹೇಳುತ್ತ, "ನಿನಗೇನ ತಿಳೀತೈತಿ ಬಿಡ ಆಯಿ" ಎಂದು ನಕ್ಕಳು. ಎದುರಿಗೆ ಕುಳಿತು ಹೇಳುವುದು ನನಗೆ ಎಂದೂ ಬಂದದ್ದಲ್ಲ. ಬರೆದಿಟ್ಟರೆ ನೀವು ಯಾವಾಗಲಾದರೂ ಓದಿಕೊಳ್ಳಬಹುದು.

ನನ್ನ ಓದು ಯಮಕನಮರಡಿಯ ಸಾಲಿಯದು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ಅಪ್ಪ ನನ್ನನ್ನು ಗೋಕಾಕದ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿಗೆ ಕಳಿಸಿದರು. ಕಾಲೇಜು ಎಂದರೆ ನೀವು ನೋಡುವಂಥದ್ದಲ್ಲ. ಹಳ್ಳಿಯ ಸಾಲಿಗಳಿಗೆ ಅಕ್ಕೋರನ್ನು ತಯಾರು ಮಾಡುವ ಜಾಗ. ಒಂದು ಹಳೆಯ ವಾಡೆ, ಅದರ ಹಿಂದೆ ಕಣದಷ್ಟು ಬಯಲು. ಆ ಬಯಲಿನ ಎರಡು ತುದಿಗೆ ಎರಡು ಕಂಬ, ಕಂಬದ ತಲೆಗೆ ಕಮ್ಮಾರನು ಮಾಡಿಕೊಟ್ಟ ಕಬ್ಬಿಣದ ಬಳೆ. ಅದಕ್ಕೆ ನಾವು ಬುಟ್ಟಿ ಎನ್ನುತ್ತಿದ್ದೆವು. ಆಟಕ್ಕೆ ಬುಟ್ಟಿ ಚೆಂಡು ಎಂದು ಹೆಸರು. ಅದನ್ನು ಕಲಿಸುವವರು ಆಟದ ಅಕ್ಕೋರು. ಬೇರೆ ಅಕ್ಕೋರು ಲೆಕ್ಕ, ಭೂಗೋಳ, ಹೊಲಿಗೆ ಕಲಿಸುತ್ತಿದ್ದರು.

ಆಗ ಹೆಣ್ಣುಮಕ್ಕಳ ಆಟದ ಕಾನೂನೇ ಬೇರೆ. ಒಂದು ಕಡೆಗೆ ಆರು ಮಂದಿ. ಅಂಗಳವನ್ನು ಸುಣ್ಣದ ಗೆರೆ ಎಳೆದು ಮೂರು ಪಾಲು ಮಾಡುತ್ತಿದ್ದರು. ಒಂದೊಂದು ಪಾಲಿನಲ್ಲಿ ಇಬ್ಬಿಬ್ಬರು. ತಮ್ಮ ಪಾಲಿನ ಗೆರೆ ದಾಟುವಂತಿಲ್ಲ. ಮುಂದಿನ ಪಾಲಿನ ಇಬ್ಬರು ಮಾತ್ರ ಬುಟ್ಟಿಗೆ ಎಸೆಯಬೇಕು. ನಾವು ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಗಾಜಿನ ಬಳೆಗಳ ಮೇಲೆ ಹಳೆಯ ಅರಿವೆಯ ಪಟ್ಟಿ ಸುತ್ತಿಕೊಂಡು ಬರಿಗಾಲಿನಲ್ಲಿ ಆಡುತ್ತಿದ್ದೆವು. ಬಳೆ ಒಡೆದರೆ ಮನೆಯಲ್ಲಿ ಏನು ಹೇಳುವುದೆಂಬ ಹೆದರಿಕೆ ಎಲ್ಲರಿಗೂ. ಅಕ್ಕೋರಿಗೆ ಆ ಪಟ್ಟಿ ಬೇಕಿರಲಿಲ್ಲ, ಅವರ ಕೈಯಲ್ಲಿ ಬಳೆಯೇ ಇರಲಿಲ್ಲ. ಅವರನ್ನು ಚಿಕ್ಕವರಿದ್ದಾಗಲೇ ನಿಡಸೋಸಿಯ ಮನೆಯೊಂದಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡನ ಮನೆ ತುಳಿಯುವ ಮೊದಲೇ ಆತ ತೀರಿಕೊಂಡ. ಅವರ ಅಪ್ಪ ಊರ ಮಾತು ಕೇಳದೆ ಮಗಳನ್ನು ಪುಣೆಗೆ ಓದಲು ಕಳಿಸಿದರು. ಅಲ್ಲಿ ಅವರು ಈ ಆಟ ಕಲಿತರು, ಹೆಸರು ಮಾಡಿದರು. ಆ ಕಥೆಯನ್ನು ನಾವು ಎಷ್ಟು ಕೇಳಿದರೂ ಅವರು ಹೇಳುತ್ತಿರಲಿಲ್ಲ. "ಆಡಿದ್ದು ಸ್ವಲ್ಪ, ಆಡಿಸಿದ್ದು ಜಾಸ್ತಿ. ಅದರಾಗ ಹೇಳೂದೇನೈತಿ?" ಎನ್ನುತ್ತಿದ್ದರು.

ಕಲಿಸುವುದೂ ನಮಗೆ ಗೊತ್ತಿದ್ದ ಕೆಲಸದ ಮಾತಿನಲ್ಲಿಯೇ. ಚೆಂಡನ್ನು ನೆಲಕ್ಕೆ ಪುಟಿಸುವಾಗ ಯಾರಾದರೂ ಜೋರಾಗಿ ಹೊಡೆದರೆ, "ಬಡೀಬ್ಯಾಡ, ತಟ್ಟು. ರೊಟ್ಟಿ ಹರೀತೈತಿ" ಎನ್ನುತ್ತಿದ್ದರು. ಬುಟ್ಟಿಗೆ ಎಸೆಯುವುದನ್ನು ಮೊರದಲ್ಲಿ ಜೋಳ ಹಸನು ಮಾಡುವ ಹಾಗೆ ಕಲಿಸಿದರು. ಎರಡೂ ಕೈ ಕೆಳಗಿನಿಂದ ತಂದು, ಮುಂಗೈ ಸ್ವಲ್ಪ ಕೊಡವಿ, ಮೇಲಕ್ಕೆ ಬಿಡಬೇಕು. "ಜ್ವಾಳ ಮ್ಯಾಲ ಹೋಗಿ ಮತ್ತ ಮೊರದಾಗ ಬೀಳೂದಿಲ್ಲೇನು? ಚೆಂಡಿಗೂ ಹಾದಿ ಗೊತ್ತೈತಿ. ನೀವು ಅದಕ್ಕ ಗಾಬರಿ ಹಚ್ಚಬ್ಯಾಡ್ರಿ."

ಯಾರು ಎಲ್ಲಿ ನಿಲ್ಲಬೇಕೆಂದು ಹೇಳಿಕೊಡಲು ಅವರ ಹತ್ತಿರ ಕಟ್ಟಿಗೆಯ ಹಣ್ಣುಗಳಿದ್ದವು. ಗೋಕಾಕದ ಚಿತ್ರಗಾರರು ಮಾಡುವ ಬಣ್ಣದ ಹಣ್ಣುಗಳು ನಿಮಗೆ ಗೊತ್ತು. ಒಬ್ಬ ಚಿತ್ರಗಾರನ ಮಗಳು ನಮ್ಮ ಕಾಲೇಜಿನಲ್ಲಿ ಕಲಿತಿದ್ದಳಂತೆ. ಅವನು ಸ್ವಲ್ಪ ಸೊಟ್ಟಾದ, ಬಣ್ಣ ಹರಿದ ಹಣ್ಣುಗಳನ್ನು ಅಕ್ಕೋರಿಗೆ ಕೊಟ್ಟಿದ್ದ. ಪಡಸಾಲೆಯ ನೆಲದ ಮೇಲೆ ಖಡುವಿನಿಂದ ಅಂಗಳ ಬರೆದು ಅದರಲ್ಲಿ ಹಣ್ಣುಗಳನ್ನು ಇಟ್ಟು ಸರಿಸುತ್ತಿದ್ದರು. ಮಾವು ಮುಂದೆ, ಪೇರಲ ಹಿಂದೆ, ಬಾಳೆ ನಡುವೆ, ಹೀಗೆ. ಹಣ್ಣಿನ ಹೆಸರೇ ನಮ್ಮ ಹೆಸರಾಗಿತ್ತು. ಅಂಗಳದಲ್ಲಿ ಯಾರೂ ಯಾರನ್ನೂ ಮನೆಯ ಹೆಸರಿನಿಂದ ಕೂಗುತ್ತಿರಲಿಲ್ಲ.

ನಾನು ಸೀತಾಫಲ. ಆರು ಜನರಲ್ಲಿ ಸೇರಿದವಳಲ್ಲ. ಯಾರಿಗಾದರೂ ಜ್ವರ ಬಂದರೆ ಇರಲಿ ಎಂದು ಗೆರೆಯ ಹೊರಗೆ ಕೂಡಿಸಿದವಳು. ಮಂದಿಯ ಮುಂದೆ ನಿಂತರೆ ನನ್ನ ಕೈ ಬೆವರುತ್ತಿತ್ತು, ಚೆಂಡು ಜಾರುತ್ತಿತ್ತು. ಗೆಳತಿಯರು ನಗುತ್ತಿದ್ದರು. ಅಕ್ಕೋರು ನಗಲಿಲ್ಲ. "ಸೀತಾಫಲಕ್ಕ ಮೈತುಂಬ ಕಣ್ಣ ಇರ್ತಾವು" ಎಂದರು. "ಹೊರಗ ಕುಂತ ನೋಡು. ನೋಡೂದೂ ಆಟಾನ."

ಅವರು ದಣಿದವರು ಎಂಬುದು ನನಗೆ ಬೇಗ ತಿಳಿಯಿತು. ಉಳಿದವರು ಓಡುತ್ತಿದ್ದರು, ನಾನು ನೋಡುತ್ತಿದ್ದೆನಲ್ಲ. ಎಡ ಮೊಣಕಾಲು ಊದಿರುತ್ತಿತ್ತು. ಬಯಲಿನ ಅಂಚಿಗೆ ಒಂದು ಒಡೆದ ಬೀಸುಕಲ್ಲು ಬಿದ್ದಿತ್ತು. ಅದರ ಮೇಲೆ ಕುಳಿತು ಕಾಲು ಚಾಚಿ ಸೀಟಿ ಊದುತ್ತಿದ್ದರು. ಯಾರಾದರೂ ತಪ್ಪಿದರೆ ಬೈಗುಳವಿಲ್ಲ. "ಆತು. ಮೊದಲಿಂದ" ಎನ್ನುವರು. ಆ ಎರಡು ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ಅದರಲ್ಲಿ ದನಿಯೇ ಉಳಿದಿರಲಿಲ್ಲ.

ಮೊಣಕಾಲಿಗಿಂತ ದೊಡ್ಡ ದಣಿವು ಬೇರೆಯದಿತ್ತು. ದೀಪಾವಳಿಯ ತನಕ ಅವರು ಆರು ಹುಡುಗಿಯರನ್ನು ತಯಾರು ಮಾಡುವರು. ದೀಪಾವಳಿಗೆ ಊರಿಗೆ ಹೋದವರಲ್ಲಿ ಒಬ್ಬಳಿಗೆ ಮದುವೆ ಗೊತ್ತಾಗಿರುವುದು, ಇನ್ನೊಬ್ಬಳನ್ನು ಅತ್ತೆಯ ಮನೆಯವರು ಓದು ಸಾಕೆಂದು ನಿಲ್ಲಿಸಿರುವರು. ಆರು ಮಂದಿಯಲ್ಲಿ ಮೂವರೋ ನಾಲ್ವರೋ ಮರಳಿ ಬರುವರು. ಹಣ್ಣುಗಳು ಅವೇ, ಹುಡುಗಿಯರು ಬೇರೆ. ಮತ್ತೆ ರೊಟ್ಟಿ ತಟ್ಟುವುದರಿಂದ ಹಿಡಿದು ಕಲಿಸಬೇಕು. ಒಮ್ಮೆ ಹೊಲಿಗೆಯ ಅಕ್ಕೋರು ಅವರಿಗೆ, "ನಿಮ್ಮ ಆಟದಾಗ ಬುಟ್ಟಿಗಿ ತಳಾ ಇರೂದಿಲ್ಲ, ಹಂಗ ಆಗೇತಿ ನೋಡ್ರಿ ನಿಮ್ಮ ಕೆಲಸ" ಎಂದು ಚೇಷ್ಟೆ ಮಾಡಿದ್ದರು. ಆಟದ ಅಕ್ಕೋರು ಬೆಲ್ಲದ ಚಹಾ ಕುಡಿಯುತ್ತ, "ತಳಾ ಹಾಕಿದ್ರ ಚೆಂಡ ತಗ್ಯಾಕ ನಿಚ್ಚಣಿಕಿ ಬೇಕಾಗ್ತೈತ್ರಿ. ನನ್ನ ಕಾಲ ಅಷ್ಟ ಏರೂದಿಲ್ಲ" ಎಂದರು.

ನಾನು ಸೇರಿದ ವರ್ಷ ಕಾಲೇಜಿನ ಕಮಿಟಿಯ ಅಧ್ಯಕ್ಷರು ಬಂದು ಬಯಲನ್ನು ಒಮ್ಮೆ ಸುತ್ತಿದರು. ಅವರು ಪೇಟೆಯ ವ್ಯಾಪಾರಿ, ಕೆಟ್ಟ ಮನುಷ್ಯರಲ್ಲ. ಬೆಳಗಾವಿಯಲ್ಲಿ ಪ್ರತಿವರ್ಷ ಅಲ್ಲಿಯ ಹೆಣ್ಣುಮಕ್ಕಳ ಕಾಲೇಜಿನವರೊಡನೆ ಒಂದು ಪಂದ್ಯ ಆಗಬೇಕಿತ್ತು. ಆರು ಜನ ಕೂಡದೆ ಹಿಂದಿನ ಎರಡು ವರ್ಷ ನಮ್ಮವರು ಹೋಗಿರಲಿಲ್ಲ. ಅಧ್ಯಕ್ಷರು ಹೇಳಿದರು: "ಅಕ್ಕೋರ, ಗೆಲ್ರಿ ಅಂತ ನಾ ಅನ್ನೂದಿಲ್ಲ. ಈ ಸಲ ಆರ ಮಂದೀನ ಬೆಳಗಾವಿ ಅಂಗಳದಾಗ ನಿಲ್ಲಸ್ರಿ. ಅದೂ ಆಗಲಿಲ್ಲಂದ್ರ ಈ ಜಾಗಾದಾಗ ಮಗ್ಗದ ಮನಿ ಕಟ್ಟಸ್ತೇವಿ. ನಿಮಗ ಯಾವದರೆ ಹಳ್ಳಿ ಸಾಲಿ ನೋಡೋಣ."

ಅಕ್ಕೋರು, "ಆಗಲ್ರಿ" ಎಂದಷ್ಟೇ ಹೇಳಿದರು. ಸೊಟ್ಟ ಬೆರಳುಗಳಿಂದ ಸೀಟಿಯ ದಾರವನ್ನು ತಿರುವುತ್ತಿದ್ದರು.

ಆ ವರ್ಷದ ಮಾವು ನನ್ನ ಊರಿನವಳು. ಅವಳಂಥ ಕೈ ಮತ್ತೆ ನಾನು ನೋಡಿಲ್ಲ. ಎಲ್ಲಿಂದ ಎಸೆದರೂ ಬುಟ್ಟಿಯಲ್ಲಿ. ದೀಪಾವಳಿಗೆ ಅವಳ ಮದುವೆ ಗೊತ್ತಾಯಿತು. ಆದರೆ ಮದುವೆ ಪಂದ್ಯವಾದ ಮೇಲೆಯೇ ಇತ್ತು, ಅದಕ್ಕೆ ಅಕ್ಕೋರು ಸಮಾಧಾನದಿಂದಿದ್ದರು. ಎರಡು ದಿನ ಊರಿಗೆ ಹೋಗಿ ಬರುತ್ತೇನೆಂದವಳು ಬರಲಿಲ್ಲ. ಅಕ್ಕೋರು ನನ್ನನ್ನು ಕರೆದುಕೊಂಡು ಹೊರಟರು. ಮೋಟಾರಿನಲ್ಲಿ ಹುಕ್ಕೇರಿಯ ತನಕ, ಅಲ್ಲಿಂದ ಸಿಕ್ಕ ಚಕ್ಕಡಿಯಲ್ಲಿ ಯಮಕನಮರಡಿಗೆ. ಚಕ್ಕಡಿ ಕುಲುಕಿದಾಗಲೆಲ್ಲ ಅವರು ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದರು.

ಮನೆಯ ಮುಂದೆ ಹಂದರ ಹಾಕುತ್ತಿದ್ದರು. ಹೊಸ್ತಿಲಿಗೆ ಅರಿಶಿಣದ ನೀರು ಚೆಲ್ಲಿತ್ತು. ಅದನ್ನು ನೋಡಿ ಅಕ್ಕೋರು ಬೇವಿನ ಗಿಡದ ಕೆಳಗೇ ನಿಂತರು, ಮುಂದೆ ಬರಲಿಲ್ಲ. ನಮ್ಮ ಜನದಲ್ಲಿ ಬಸವಣ್ಣನವರ ಮಾತು ಎಲ್ಲರ ಬಾಯಲ್ಲಿ ಇರುತ್ತದೆ. ಆದರೂ ಗಂಡನಿಲ್ಲದವಳು ಅರಿಶಿಣದ ಮನೆಗೆ ಕಾಲಿಟ್ಟರೆ ಮುಖ ಸಣ್ಣ ಮಾಡುವವರು ಇದ್ದೇ ಇದ್ದರು. ನಾನು ಒಳಗೆ ಹೋಗಿ ಮಾವಿನ ತಾಯಿಯನ್ನು ಕರೆತಂದೆ.

"ಇದೇನ್ರಿ ಅಕ್ಕೋರ, ಬಿಸಲಾಗ ನಿಂತೀರಿ."

"ನೆಳ್ಳ ಐತ್ರಿ. ಹುಡುಗೀನ ಕರಕೊಂಡ ಹೋಗೂಣು ಅಂತ ಬಂದಿದ್ದೆ."

"ಗಂಡಿನವರ ಅಜ್ಜಗ ಆರಾಮಿಲ್ರಿ. ಆತ ಕಣ್ಣ ಮುಚ್ಚೂದರಾಗ ಅಕ್ಕಿಕಾಳ ಬೀಳ್ಲಿ ಅಂತ ಮದವಿ ಲಗೂನ ಇಟ್ಟಕೊಂಡ್ರು. ನಿನ್ನೆ ಅರಿಶಿಣಾ ಹಚ್ಚೇವಿ. ಅರಿಶಿಣದ ಮೈಲೆ ಸೀಮಿ ದಾಟಸಾಕ ಬರೂದಿಲ್ಲಲ್ರಿ. ನಿಮಗ ತಿಳೀದದ್ದೇನೈತಿ?"

ಅಕ್ಕೋರು ಸ್ವಲ್ಪ ಹೊತ್ತು ಹಂದರದ ಗಳಗಳನ್ನು ನೋಡಿದರು. ಕೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡ ಮಾತುಗಳು ಅವರ ಹತ್ತಿರ ಇದ್ದವು ಎಂದು ನನಗೆ ಗೊತ್ತು. ಒಂದನ್ನೂ ಆಡಲಿಲ್ಲ. ಕೈಚೀಲದಿಂದ ಕಟ್ಟಿಗೆಯ ಮಾವಿನಹಣ್ಣನ್ನು ತೆಗೆದು, "ಇದು ಆಕೀದು. ಆಕಿಗೇ ಕೊಡ್ರಿ. ನನ್ನ ಕೈಲೆ ಮುಯ್ಯ ತಗೊಳ್ಳಾಕ ನಿಮಗ ಹ್ಯಾಂಗ ಅನಸ್ತೈತೋ ಗೊತ್ತಿಲ್ಲ" ಎಂದರು.

ತಾಯಿ ಅರೆಗಳಿಗೆ ನಿಂತಳು. ಆಮೇಲೆ ಸೆರಗನ್ನು ಒಡ್ಡಿ ಅದನ್ನು ತೆಗೆದುಕೊಂಡಳು. ಒಳಗೆ ಕಿಟಕಿಯ ಸರಳಿನ ಹಿಂದೆ ಹಳದಿ ಮುಖವೊಂದು ಕಂಡಿತು. ಅಕ್ಕೋರು ಅತ್ತ ಕೈ ಎತ್ತಿ, ಚೆಂಡು ಬಿಡುವಾಗ ಮುಂಗೈ ಕೊಡವುವ ಹಾಗೆ ಒಮ್ಮೆ ಕೊಡವಿದರು. ಅಷ್ಟೇ ಅವರ ಆಶೀರ್ವಾದ.

ಮರುದಿನ ಸಂಜೆ ಪಡಸಾಲೆಯಲ್ಲಿ ಮತ್ತೆ ಅಂಗಳ ಬರೆದರು. ಹಣ್ಣುಗಳನ್ನು ಇಟ್ಟರು. ಮುಂದಿನ ಪಾಲಿನಲ್ಲಿ ಮಾವಿನ ಜಾಗ ಖಾಲಿ ಇತ್ತು. ಗೆರೆಯ ಹೊರಗಿದ್ದ ಸೀತಾಫಲವನ್ನು ಎತ್ತಿ ಅಲ್ಲಿ ಇಟ್ಟರು. ಪೇರಲ ನನ್ನ ತೊಡೆ ಚಿವುಟಿ, "ಏ, ನೀ ಈಗ ಮಾವಾದಿ" ಎಂದು ಪಿಸುಗುಟ್ಟಿದಳು.

ಎಲ್ಲರೂ ಎದ್ದುಹೋದ ಮೇಲೆ ನಾನು ಅವರ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. "ಅಕ್ಕೋರ, ನನ್ನ ಕೈಲೆ ಆಗೂದಿಲ್ರಿ. ಅಷ್ಟ ಮಂದಿ ಮುಂದ ನಾ ನಿಲ್ಲೂದಿಲ್ರಿ."

ಅವರು ಬಿಸಿ ಮಾಡಿದ ಔಡಲ ಎಲೆಯನ್ನು ಮೊಣಕಾಲಿಗೆ ಇಟ್ಟು ಅರಿವೆ ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ.

"ಒತ್ತಾಯ ಮಾಡೂದಿಲ್ಲವಾ. ಒತ್ತಾಯ ಮಾಡಾಕ ನನಗೂ ಸಾಕಾಗೇತಿ. ಐದ ಮಂದಿ ಕರಕೊಂಡ ಹೋದ್ರ ಅವರು ಆಡಸೂದಿಲ್ಲ, ಅಷ್ಟ. ನಾಡದು ಗಾಡಿ. ನಾಳೆ ಹೇಳು."

ಅರಿವೆಯ ಎರಡು ತುದಿಯನ್ನು ಗಂಟು ಹಾಕಲು ಹೋದರು. ಆ ಎರಡು ಬೆರಳು ಮಡಚದೆ ತುದಿ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಇಷ್ಟು ವರ್ಷ ಪ್ರತಿ ಸಂಜೆ ಅವರು ಇದನ್ನು ಒಬ್ಬರೇ ಹೀಗೆ ಮಾಡಿಕೊಳ್ಳುತ್ತಿದ್ದರು ಎಂದು ನನಗೆ ಆಗ ಹೊಳೆಯಿತು. ನಾನು ಒಳಗೆ ಹೋಗಿ ಕುಳಿತು ಗಂಟು ಹಾಕಿದೆ.

"ಬರ್ತೇನ್ರಿ" ಎಂದೆ.

"ಬಿಗಿ ಆತು, ಸ್ವಲ್ಪ ಸಡ್ಲ ಮಾಡು" ಎಂದರು.

ಗೋಕಾಕ ರೋಡ ಸ್ಟೇಷನ್ನಿನಿಂದ ರೈಲಿನಲ್ಲಿ ಬೆಳಗಾವಿಗೆ ಹೋದೆವು. ದಾರಿಯಲ್ಲಿ ನನ್ನನ್ನು ಎಲ್ಲರೂ ಹೊಸ ಮಾವು, ಹುಳಿ ಮಾವು ಎಂದು ಕಾಡಿದರು. ಅಲ್ಲಿಯ ಹುಡುಗಿಯರು ರಬ್ಬರಿನ ಬೂಟು ಹಾಕಿಕೊಂಡಿದ್ದರು. ಗೆರೆಯ ಆಚೆ ಮಂದಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ಗಂಡಸರೂ ಇದ್ದರು. ನಾನು ನೆಲ ನೋಡುತ್ತ ನಿಂತೆ.

ನಾವು ಸೋತೆವು, ಚೆನ್ನಾಗಿಯೇ ಸೋತೆವು. ಅದಕ್ಕೆ ಅರ್ಧ ಕಾರಣ ಪೇರಲ. ಹಿಂದಿನ ಪಾಲಿನಲ್ಲಿ ನಿಂತು ಎದುರಿನವರ ಕೈಯಿಂದ ಚೆಂಡು ಕಸಿಯುವುದು ಅವಳ ಕೆಲಸ. ನೋಡಿದರೆ ಅವಳ ಎದುರಿಗೆ ಬಂದವಳು ಅವಳಿಗೆ ಮದುವೆ ಗೊತ್ತಾಗಿದ್ದ ಗಂಡಿನ ಅಕ್ಕ. ಪೇರಲ ತಲೆಯ ಮೇಲೆ ಸೆರಗು ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಆ ಹುಡುಗಿ ಆರಾಮವಾಗಿ ಬುಟ್ಟಿಗೆ ಹಾಕಿದಳು, ಮತ್ತೆ ಹಾಕಿದಳು. ಒಮ್ಮೆ ಚೆಂಡು ಪೇರಲಳ ಕಾಲಿಗೇ ಬಂದರೆ ಅವಳು ಅದನ್ನು ಎತ್ತಿ, "ತಗೋರಿ ಅಕ್ಕಾ" ಎಂದು ಎರಡೂ ಕೈಯಿಂದ ಕೊಟ್ಟಳು.

ಅಂಚಿನಿಂದ ಅಕ್ಕೋರು ಕೂಗಿದರು: "ಪೇರಲಾ, ಬೀಗತನಾ ಗೆರಿ ಹೊರಗ. ಒಳಗ ಆಕಿ ಬರೇ ಹುಡುಗಿ."

"ಹಂಗ ಹ್ಯಾಂಗ್ರಿ ಅಕ್ಕೋರ, ನಾಳೆ ಅವರ ಮನ್ಯಾಗ ಇರಬೇಕಲ್ರಿ" ಎಂದು ಪೇರಲ ಅಲ್ಲಿಂದಲೇ ಉತ್ತರ ಕೊಟ್ಟಳು. ಕುರ್ಚಿಯ ಮೇಲಿನ ಹೆಂಗಸರೆಲ್ಲ ನಕ್ಕರು. ಅಕ್ಕೋರೂ ನಕ್ಕರು. ಅವರು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಆಟ ಮುಗಿಯುತ್ತ ಬಂದಾಗ ಬಾಳೆ ನನ್ನ ಕಡೆಗೆ ಚೆಂಡು ಎಸೆದಳು. ಅಲ್ಲಿಯ ತನಕ ನನ್ನ ಕೈಗೆ ಬಂದದ್ದೆಲ್ಲ ಜಾರಿಹೋಗಿತ್ತು. ಇದು ನಿಂತಿತು. ಸುತ್ತ ಯಾರೂ ಇರಲಿಲ್ಲ. ನನ್ನಿಂದ ಏನೂ ಆಗುವುದಿಲ್ಲವೆಂದು ಎದುರಿನವರು ನನ್ನನ್ನು ಬಿಟ್ಟಿದ್ದರು. ಅಕ್ಕೋರ ಕಡೆಗೆ ನೋಡಿದೆ. ಅವರು ಕೂಗಲಿಲ್ಲ. ಕುಳಿತಲ್ಲಿಯೇ ಎರಡೂ ಕೈ ಮಡಿಲಿನಿಂದ ಮೇಲಕ್ಕೆ ತಂದು ಜೋಳ ಹಸನು ಮಾಡಿದರು. ಸೊಟ್ಟ ಬೆರಳುಗಳು ಹೊರಗೆ ನಿಂತಿದ್ದವು. ನಾನೂ ಹಾಗೆಯೇ ಮಾಡಿದೆ. ಚೆಂಡು ಬಳೆಯ ಅಂಚಿಗೆ ತಾಗಿ, ಒಂದು ಸುತ್ತು ಸುತ್ತಿ, ಒಳಗೆ ಬಿತ್ತು.

ಮರಳಿ ಬರುವಾಗ ರೈಲಿನಲ್ಲಿ ಅಕ್ಕೋರು ಎಲ್ಲರಿಗೂ ಒಂದೊಂದು ತುಂಡು ಕರದಂಟು ಕೊಟ್ಟರು. ನನಗೆ ಶಾಬಾಸ್ ಎನ್ನಲಿಲ್ಲ. ಕಾಲು ಎದುರಿನ ಬಾಕಿನ ಮೇಲೆ ಚಾಚಿ, "ಆತು. ಮೊದಲಿಂದ" ಎಂದು ಕಣ್ಣು ಮುಚ್ಚಿದರು. "ಮಾವಿನ ಮರ್ಯಾದಿ ಉಳಿಸಿದಿ" ಎಂದು ಗೆಳತಿಯರು ಹೇಳಿದರು. ಮಾವಿನ ಜಾಗದಲ್ಲಿ ನಿಂತು ಒಂದನ್ನಾದರೂ ಹಾಕಿದೆನಲ್ಲ ಎಂದು ನಾನೂ ಅಂದುಕೊಂಡೆ.

ಅಧ್ಯಕ್ಷರು, "ಗೆದ್ರ್ಯೋ?" ಎಂದು ಕೇಳಿದರಂತೆ. "ಇಲ್ರಿ. ಆರು ಮಂದಿ ಆಡಿದ್ರು" ಎಂದರಂತೆ ಅಕ್ಕೋರು. ಮಗ್ಗದ ಮನೆಯ ಮಾತು ನಿಂತಿತು.

ನನ್ನ ಟ್ರೇನಿಂಗ್ ಪೂರ್ತಿ ಆಗಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಮೂಡಲಗಿಗೆ ನನ್ನ ಮದುವೆಯಾಯಿತು. ನಿಮ್ಮ ಅಜ್ಜನಿಗೆ ಅದು ಎರಡನೆಯ ಸಂಬಂಧ, ನಿಮಗೆ ಗೊತ್ತೇ ಇದೆ, ಜಗಲಿಯ ಮೇಲಿನ ಪಟದಲ್ಲಿರುವ ನಿಮ್ಮ ದೊಡ್ಡ ಆಯಿ ಹಡೆಯುವಾಗ ತೀರಿಕೊಂಡಿದ್ದಳು. ಅವಳ ಸೀರೆ ನನಗೆ ಉಡಿಸಿದರು, ಅವಳು ಕೂಡುವ ಮಣೆ ನನಗೆ ಹಾಕಿದರು, ಅವಳ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟರು. ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಆದರೆ ಪಲ್ಯಕ್ಕೆ ಉಪ್ಪು ಹಾಕುವುದರಿಂದ ಹಿಡಿದು ಎಲ್ಲವನ್ನೂ ಅವಳು ಹೇಗೆ ಮಾಡುತ್ತಿದ್ದಳೋ ಹಾಗೆ ಮಾಡಿದೆ. ನನಗೆ ಅದು ಹೊಸದೆನಿಸಲಿಲ್ಲ. ಮತ್ತೊಬ್ಬಳ ಜಾಗದಲ್ಲಿ ನಿಲ್ಲುವುದನ್ನು ಗೋಕಾಕದಲ್ಲಿಯೇ ಕಲಿತಿದ್ದೆನಲ್ಲ.

ಅಕ್ಕೋರ ಸುದ್ದಿ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಇನ್ನೂ ಕೆಲವು ವರ್ಷ ಆಡಿಸಿದರು. ಯುದ್ಧದ ಕಾಲಕ್ಕೆ ಬಯಲಿನಲ್ಲಿ ಕಾಳು ಇಡುವ ಕೊಠಡಿ ಕಟ್ಟಿದರು; ಕಂಬಗಳನ್ನು ಅದರ ಮಾಡಿಗೇ ಬಳಸಿದರಂತೆ. ಅಕ್ಕೋರನ್ನು ದಡ್ಡಿಯ ಸಾಲಿಗೆ ಹಾಕಿದರು. ನದಿಯ ಹತ್ತಿರದ ಆ ಊರಿನಲ್ಲಿ ಅವರು ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸಿದರು.

ಸ್ವಾತಂತ್ರ್ಯ ಬಂದ ಮರುವರ್ಷ ನಿಮ್ಮ ಅಜ್ಜ ತೀರಿಕೊಂಡರು. ಅದರ ಮುಂದಿನ ವರ್ಷ, ಅಕ್ಕೋರು ಹುಕ್ಕೇರಿಯಲ್ಲಿ ತಮ್ಮನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ನೋಡಲು ಹೋದೆ. ತಮ್ಮನ ಹೆಂಡತಿ ಬಾಗಿಲಲ್ಲಿಯೇ, "ಯಾರದೂ ಗುರ್ತ ಹಿಡಿಯೂದಿಲ್ರಿ, ಮನಸಿಗೆ ಹಚಗೋಬ್ಯಾಡ್ರಿ" ಎಂದಳು.

ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದರು. ಬಹಳ ಸಣ್ಣಗಾಗಿದ್ದರು; ಆ ಎರಡು ಬೆರಳು ಮಾತ್ರ ಮೊದಲಿನಷ್ಟೇ ಇದ್ದವು. ನನ್ನ ಮುಖವನ್ನು ನೋಡಿದರು, ತಿಳಿಯಲಿಲ್ಲ. ನನ್ನ ಕೈ ಹಿಡಿದು ಮುಂಗೈಯನ್ನು ಸವರಿದರು.

"ಬಳಿ ಇಲ್ಲಲ್ಲವಾ."

"ಇಲ್ರಿ. ಹೋದ ವರ್ಷ."

ಹಿಡಿದ ಕೈ ಬಿಡದೆ, "ಯಾವ ಹಣ್ಣ ನೀ?" ಎಂದರು.

"ಮಾವಿನ ಜಾಗಾದಾಗ ಆಡಿದಾಕಿರಿ. ಬೆಳಗಾವ್ಯಾಗ."

ಅವರ ಹುಬ್ಬು ಗಂಟಾಯಿತು. ತಪ್ಪು ಎಸೆದವಳನ್ನು ನೋಡುತ್ತಿದ್ದ ಹಾಗೆ ನೋಡಿದರು.

"ಮಾವಿನಾಕಿಗೆ ಅರಿಶಿಣಾ ಹಚ್ಚಿದ್ರು. ಆಕಿ ಹಣ್ಣ ಆಕಿಗೇ ಕೊಟ್ಟ ಬಂದೆ. ಮಾವು ಅಲ್ಲಿಗೆ ಮುಗೀತು." ಉಸಿರು ತೆಗೆದುಕೊಂಡರು. "ನಾ ಸೀತಾಫಲಾ ಇಟ್ಟೆ. ಚೆಂಡ ಹಾಕಿದಾಕಿ ಸೀತಾಫಲ. ಯಾರ ಅಂದ್ರು ನಿನಗ ಮಾವು ಅಂತ?"

ಅವರು ಒಮ್ಮೆಯೂ ನನ್ನನ್ನು ಮಾವು ಎಂದು ಕರೆದಿರಲಿಲ್ಲ ಎಂಬುದು ಆಗ ನೆನಪಾಯಿತು. ಕರೆದವರು ಉಳಿದವರು. ಒಪ್ಪಿಕೊಂಡವಳು ನಾನು.

ಮಾತು ಬೇಕೆಂದು ಕೇಳಿದೆ: "ದಡ್ಡ್ಯಾಗ ಒಂದ ಬುಟ್ಟಿ ಕಟ್ಟಿದ್ರೇನ್ರಿ, ಹುಡುಗ್ಯಾರಿಗೆ?"

"ಇಲ್ಲವಾ. ಸಾಕಾಗಿತ್ತು" ಎಂದರು. ಆಮೇಲೆ ಗೋಡೆಯ ಗೂಡಿನ ಕಡೆಗೆ ಬೆರಳು ತೋರಿಸಿದರು. ಅಲ್ಲಿ ಹಣ್ಣುಗಳು ಧೂಳು ಹಿಡಿದು ಕುಳಿತಿದ್ದವು. "ನಿಂದ ನೀ ಒಯ್ಯಿ."

ಹದಿನೈದು ದಿನ ಕಳೆಯುವುದರೊಳಗೆ ಅವರು ಲಿಂಗೈಕ್ಯರಾದರು. ನನಗೆ ತಿಳಿದದ್ದು ತಡವಾಗಿ, ಮಣ್ಣಿಗೆ ಹೋಗಲಾಗಲಿಲ್ಲ.

ಹುಕ್ಕೇರಿಯಿಂದ ಮರಳಿದ ದಿನ ನಾನು ನಿಮ್ಮ ದೊಡ್ಡ ಆಯಿಯ ಮಣೆಯನ್ನು ಒರೆಸಿ ಅವಳ ಪಟದ ಕೆಳಗೆ ಇಟ್ಟೆ. ಅದರ ಮೇಲೆ ಆಮೇಲೆ ಯಾರೂ ಕುಳಿತಿಲ್ಲ. ನಾನು ಅದರ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂಡತೊಡಗಿದೆ. ಏಕೆಂದು ನೀವು ಸಣ್ಣವರಿದ್ದಾಗ ಕೇಳುತ್ತಿದ್ದಿರಿ, ನಾನು ಹೇಳಿರಲಿಲ್ಲ.

ನೀವೆಲ್ಲ ಹಲ್ಲು ಬರುವಾಗ ಕಚ್ಚಿ ಕಚ್ಚಿ ಬಣ್ಣ ತೆಗೆದ ಕಟ್ಟಿಗೆಯ ಗುಂಡೊಂದು ನನ್ನ ಪೆಟ್ಟಿಗೆಯಲ್ಲಿದೆ. ನೀವು ಅದಕ್ಕೆ ಬಟಾಟಿ ಎನ್ನುತ್ತೀರಿ. ಅದು ಬಟಾಟಿಯಲ್ಲ. ಬೆರಳಾಡಿಸಿ ನೋಡಿರಿ, ಮೈತುಂಬ ಕಣ್ಣುಗಳು ಇನ್ನೂ ತಿಳಿಯುತ್ತವೆ.